ಕೊಡಗಿನ ಏರುಹಾದಿಗೆ ಯಾವ ಗೇರ್‌ಬಾಕ್ಸ್: ಆಟೊಮ್ಯಾಟಿಕ್, ಮ್ಯಾನುಯಲ್ ಆಯ್ಕೆ ಮಾಡುವ ಕ್ರಮ

ಕಾರು ಕೊಳ್ಳುವಾಗ ಆಟೊಮ್ಯಾಟಿಕ್ ಬೇಕೋ ಮ್ಯಾನುಯಲ್ ಸಾಕೋ ಎಂದು ಕೇಳಿದರೆ ಬೆಂಗಳೂರಿನ ಬಂಧುಗಳು ಟ್ರಾಫಿಕ್ಕನ್ನು ಮುಂದಿಟ್ಟುಕೊಂಡು ಉತ್ತರ ಹೇಳುತ್ತಾರೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕ್ಲಚ್ ತುಳಿದು ಎಡಗಾಲು ಸೋಲುವ ಊರಿನಲ್ಲಿ ಆ ಉತ್ತರ ಸರಿಯೇ. ಕೊಡಗಿನಲ್ಲಿ ಮನೆ ಇರುವವರು ಮಾತ್ರ ಇದನ್ನು ಬೇರೆ ಕಡೆಯಿಂದ ನೋಡಬೇಕು: ಟಾರು ರಸ್ತೆ ಬಿಟ್ಟು ತೋಟದ ಗೇಟಿನೊಳಗೆ ತಿರುಗಿದ ಮೇಲೆ ಅಂಗಳ ಮುಟ್ಟುವವರೆಗೆ ಎಲ್ಲಕ್ಕಿಂತ ಕಡಿದಾದ ಏರು ಯಾವುದು, ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆಯೇ, ಅಲ್ಲಿ ಎದುರಿಗೆ ಪಿಕಪ್ ಬಂದರೆ ಹಿಂದಕ್ಕೆ ಹೋಗಬೇಕಾದವರು ಯಾರು. ಗೇರ್‌ಬಾಕ್ಸನ್ನು ಆ ಏರೇ ತೀರ್ಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ. ಮೈಲೇಜು, ಬೆಲೆ, ಸುಖ ಎಲ್ಲವೂ ಆಮೇಲಿನ ಮಾತು.

ಮೊದಲು ಒಂದು ಗೊಂದಲ ತೀರಬೇಕು. ಶೋರೂಮಿನಲ್ಲಿ ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ಮಾರುವುದು ನಾಲ್ಕು ಬಗೆಯ ಯಂತ್ರಗಳನ್ನು. ಸಪಾಟು ರಸ್ತೆಯಲ್ಲಿ ಇವುಗಳ ವ್ಯತ್ಯಾಸ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಗುಡ್ಡದ ಮೇಲೆ ಮಾತ್ರ ಒಂದು ಆಟೊಮ್ಯಾಟಿಕ್ಕಿಗೂ ಇನ್ನೊಂದಕ್ಕೂ ಇರುವ ಅಂತರ, ಆಟೊಮ್ಯಾಟಿಕ್ಕಿಗೂ ಮ್ಯಾನುಯಲ್ಲಿಗೂ ಇರುವ ಅಂತರಕ್ಕಿಂತ ದೊಡ್ಡದಾಗಿ ಕಾಣಿಸುತ್ತದೆ.

ಎಲ್ಲಕ್ಕಿಂತ ಅಗ್ಗವಾದದ್ದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ನಮ್ಮ ದೇಶದಲ್ಲಿ ಬಳಕೆಗೆ ಬಂದ ಇದು ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ನಮ್ಮ ಕಾಲು, ಕೈಗಳ ಬದಲಿಗೆ ಕಂಪ್ಯೂಟರಿನ ಮಾತು ಕೇಳುವ ಒಂದು ಸಾಧನ ಮಾಡುತ್ತದೆ. ಮೈಲೇಜು ಮ್ಯಾನುಯಲ್ಲಿನಷ್ಟೇ ಸಿಗುತ್ತದೆ, ಮ್ಯಾನುಯಲ್ಲಿಗಿಂತ ಸುಮಾರು 50 ಸಾವಿರ ರೂಪಾಯಿಯಷ್ಟೇ ಹೆಚ್ಚು ಬೀಳುತ್ತದೆ, ಕುಶಾಲನಗರದಿಂದ ಮೈಸೂರಿಗೆ ಹೋಗಿ ಬರುವವರಿಗೆ ಯಾವ ತಕರಾರೂ ಇರುವುದಿಲ್ಲ. ತೊಂದರೆ ಬರುವುದು ಏರಿನ ನಡುವೆ ನಿಂತು ಮತ್ತೆ ಹೊರಡುವಾಗ. ಮ್ಯಾನುಯಲ್ ಕಾರಿನಲ್ಲಿ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ನಮ್ಮ ಪಾದಕ್ಕೆ ಗೊತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಸ್ವಲ್ಪ ಕುಗ್ಗಿದ್ದನ್ನು ಕೇಳಿಸಿಕೊಂಡು, ಆಮೇಲೆ ಬ್ರೇಕ್ ಬಿಡುತ್ತೇವೆ. ಎಎಂಟಿಯಲ್ಲಿ ಆ ಅಂದಾಜು ಕಂಪ್ಯೂಟರಿಗೆ ಬಿಟ್ಟದ್ದು. ಅದು ಒಂದು ಕ್ಷಣ ಯೋಚಿಸುತ್ತದೆ, ಆ ಕ್ಷಣದಲ್ಲಿ ಕಾರು ಹಿಂದಕ್ಕೆ ಜಾರುತ್ತದೆ. ಜಾರದಿರಲಿ ಎಂದು ಆಕ್ಸಿಲರೇಟರ್ ಒತ್ತಿಯೇ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುವ ಅಭ್ಯಾಸ ಹಲವರಿಗಿದೆ. ಕ್ಲಚ್ ಪ್ಲೇಟನ್ನು ಸುಡುವುದಕ್ಕೆ ಇದಕ್ಕಿಂತ ಸುಲಭವಾದ ದಾರಿ ಇಲ್ಲ.

ಹಿಲ್ ಹೋಲ್ಡ್ ಸೌಲಭ್ಯವಿದ್ದರೆ ಬ್ರೇಕ್ ಬಿಟ್ಟ ಮೇಲೂ ಎರಡು ಮೂರು ಸೆಕೆಂಡು ಕಾರು ಹಿಂದೆ ಸರಿಯದೆ ನಿಲ್ಲುತ್ತದೆ. ಆದ್ದರಿಂದ ಕೊಡಗಿನಲ್ಲಿ ಎಎಂಟಿ ಕೊಳ್ಳುವುದಾದರೆ ಹಿಲ್ ಹೋಲ್ಡ್ ಇರುವ ವೇರಿಯೆಂಟನ್ನೇ ಕೊಳ್ಳಬೇಕು, ಸನ್‌ರೂಫ್ ಬಿಟ್ಟರೂ ಚಿಂತೆಯಿಲ್ಲ. ಇನ್ನೊಂದು ಕೊರತೆಯನ್ನು ಶೋರೂಮಿನವರು ತಾವಾಗಿ ಹೇಳುವುದಿಲ್ಲ. ಮುಂದೆ ಓಡಿಸುವ ಡಿ ಸ್ಥಾನದಿಂದ ಹಿಂದಕ್ಕೆ ಓಡಿಸುವ ಆರ್ ಸ್ಥಾನಕ್ಕೆ ಲಿವರ್ ಎಳೆದಾಗ ಎಎಂಟಿ ರಿವರ್ಸ್ ಹಿಡಿಯುವುದಕ್ಕೆ ಕೊಂಚ ಹೊತ್ತು ತೆಗೆದುಕೊಳ್ಳುತ್ತದೆ. ಸಿದ್ದಾಪುರದ ಕಡೆಯಲ್ಲೋ ತಿತಿಮತಿಯ ಕಡೆಯಲ್ಲೋ ಸಂಜೆಯ ಹೊತ್ತು ತಿರುವಿನಲ್ಲಿ ಆನೆ ನಿಂತಿರುವುದನ್ನು ಕಂಡವರಿಗೆ ಆ ಕೊಂಚ ಹೊತ್ತು ಎಷ್ಟು ಉದ್ದವೆಂದು ವಿವರಿಸಬೇಕಾಗಿಲ್ಲ.

ಗುಡ್ಡಕ್ಕೆ ಹೇಳಿ ಮಾಡಿಸಿದ ಆಟೊಮ್ಯಾಟಿಕ್ ಎಂದರೆ ಟಾರ್ಕ್ ಕನ್ವರ್ಟರ್. ಇದರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಉಜ್ಜಿ ಸವೆಯುವ ಕ್ಲಚ್ ಪ್ಲೇಟಿನ ಬದಲು ಎಣ್ಣೆ ಇರುತ್ತದೆ; ಎಂಜಿನ್ ತಿರುಗಿಸಿದ ಎಣ್ಣೆಯ ರಭಸವೇ ಇನ್ನೊಂದು ಬದಿಯ ಚಕ್ರವನ್ನು ತಿರುಗಿಸುತ್ತದೆ, ಹೊರಡುವ ಹೊತ್ತಿನಲ್ಲಿ ಎಂಜಿನ್ನಿನ ಬಲವನ್ನು ಹೆಚ್ಚಿಸಿಯೂ ಕೊಡುತ್ತದೆ. ಬ್ರೇಕ್ ಬಿಟ್ಟರೆ ಸಾಕು, ಕಾರು ತಾನಾಗಿ ಮೆಲ್ಲನೆ ಮುಂದೆ ಸಾಗುತ್ತದೆ. ಮಾರುತಿಯ ಬ್ರೆಝಾ ಮತ್ತು ಎರ್ಟಿಗಾ, ಮಹೀಂದ್ರಾದ ಥಾರ್ ಮತ್ತು ಸ್ಕಾರ್ಪಿಯೊ ಎನ್, ಹುಂಡೈ ಕ್ರೆಟಾದ ಡೀಸೆಲ್ ಆಟೊಮ್ಯಾಟಿಕ್ ಇವೆಲ್ಲ ಈ ಜಾತಿಗೆ ಸೇರಿದವು. ತುಲಾ ಸಂಕ್ರಮಣದ ದಿನ ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರ್ ಏರನ್ನು ಸಾಲಿನಲ್ಲಿ ಬಸವನಹುಳುವಿನಂತೆ ಹತ್ತಬೇಕಾಗಿ ಬಂದರೆ, ಈ ಕಾರಿನಲ್ಲಿ ಕುಳಿತವರು ಬ್ರೇಕಿನ ಮೇಲೆ ಒಂದು ಕಾಲಿಟ್ಟುಕೊಂಡು ಮಾತಾಡುತ್ತ ಹೋಗಬಹುದು. ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿಯುತ್ತದೆ, ಬೆಲೆಯೂ ಮ್ಯಾನುಯಲ್ಲಿಗಿಂತ ಲಕ್ಷದ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ ಇರುತ್ತದೆ.

ಹೋಂಡಾದ ಅಮೇಝ್, ಸಿಟಿ ಕಾರುಗಳಲ್ಲಿ ಬರುವ ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿ ಓಡುತ್ತದೆ. ಊರೊಳಗೆ ಇದರಷ್ಟು ನಯವಾದದ್ದು ಇನ್ನೊಂದಿಲ್ಲ. ದೊಡ್ಡ ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಅದಕ್ಕೆ ತಕ್ಕಷ್ಟು ಮುಂದೆ ಹೋಗುವುದಿಲ್ಲ ಎಂಬ ದೂರು ಸಾಮಾನ್ಯ. ಡಿಸಿಟಿಯಲ್ಲಿ ಎರಡು ಕ್ಲಚ್‌ಗಳಿದ್ದು ಗೇರ್ ಬದಲಾಗುವುದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಸುಂಟಿಕೊಪ್ಪದ ತಿರುವುಗಳಲ್ಲಿ ಓಡಿಸುವುದಕ್ಕೆ ಬಹಳ ಖುಷಿ. ಆದರೆ ಎಣ್ಣೆಯ ತಂಪಿಲ್ಲದ ಒಣ ಕ್ಲಚ್ ಇರುವ ಡಿಸಿಟಿಯನ್ನು ಏರಿನ ಟ್ರಾಫಿಕ್ಕಿನಲ್ಲಿ ಇಂಚಿಂಚಾಗಿ ನಡೆಸಿದರೆ ಅದು ಬಿಸಿಯಾಗಿ ಎಚ್ಚರಿಕೆ ಕೊಡುತ್ತದೆ. ಹೆದ್ದಾರಿಯ ಬದಿಯಲ್ಲೇ ಮನೆ ಇದ್ದವರು ಇವೆರಡನ್ನೂ ಯೋಚಿಸಬಹುದು.

ಏರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇಳಿಜಾರಿನ ಬಗ್ಗೆ ಮಾತಾಡುವವರು ಕಡಿಮೆ. ಮಡಿಕೇರಿಯಿಂದ ಸಂಪಾಜೆಗೆ ಅಥವಾ ವಿರಾಜಪೇಟೆ ಬಿಟ್ಟು ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವಾಗ ಬ್ರೇಕನ್ನೇ ನಂಬಿದರೆ ಪ್ಯಾಡುಗಳು ಕಾಯುತ್ತವೆ. ಹಳೆಯ ಬ್ರೇಕ್ ಆಯಿಲ್ ನೀರು ಹೀರಿಕೊಂಡಿದ್ದರೆ ಕುದಿದು ಗುಳ್ಳೆ ಕಟ್ಟುತ್ತದೆ, ಆಗ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆಯೇ ಹೊರತು ಕಾರು ನಿಲ್ಲುವುದಿಲ್ಲ. ಏರುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್ ಎಂದು ಹಳೆಯ ಜೀಪ್ ಚಾಲಕರು ಹೇಳುತ್ತಿದ್ದ ಮಾತು ಇಂದಿಗೂ ಸತ್ಯ. ಮ್ಯಾನುಯಲ್ ಕಾರನ್ನು ಎರಡನೇ ಗೇರಿನಲ್ಲಿಟ್ಟರೆ ಎಂಜಿನ್ನೇ ಅದನ್ನು ಹಿಡಿದುಕೊಳ್ಳುತ್ತದೆ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಆಟೊಮ್ಯಾಟಿಕ್ಕಿನಲ್ಲಿ ಡಿ ಸ್ಥಾನದಲ್ಲೇ ಬಿಟ್ಟರೆ ಹಲವು ಕಾರುಗಳು ಇಳಿಜಾರಿನಲ್ಲಿ ಮೇಲಿನ ಗೇರಿಗೆ ಏರಿ, ಬ್ರೇಕಿನ ಕೆಲಸವನ್ನು ಪೂರ್ತಿ ನಮ್ಮ ತಲೆಗೆ ಕಟ್ಟುತ್ತವೆ. ಇದಕ್ಕೆ ಪರಿಹಾರ ಲಿವರಿನಲ್ಲೇ ಇದೆ: ಎಎಂಟಿಯಲ್ಲೂ ಟಾರ್ಕ್ ಕನ್ವರ್ಟರಿನಲ್ಲೂ ಸಾಮಾನ್ಯವಾಗಿ ಎಂ ಎಂಬ ಸ್ಥಾನವೋ 2, ಎಲ್ ಎಂಬ ಸ್ಥಾನಗಳೋ ಇರುತ್ತವೆ, ಸಿವಿಟಿಯಲ್ಲಿ ಎಲ್ ಅಥವಾ ಎಸ್ ಇರುತ್ತದೆ. ಘಾಟಿಯ ತಲೆಯಲ್ಲೇ, ವೇಗ ಏರುವ ಮುನ್ನ, ಲಿವರನ್ನು ಅಲ್ಲಿಗೆ ಎಳೆದು ಗೇರ್ ತಗ್ಗಿಸಬೇಕು. ಮೀಟರಿನಲ್ಲಿ ಗೇರಿನ ಅಂಕಿ ಮೂಡುತ್ತದೆ, ಎಂಜಿನ್ನಿನ ದನಿ ಏರುತ್ತದೆ, ಬ್ರೇಕಿನ ಮೇಲಿನ ಕಾಲು ಹಗುರಾಗುತ್ತದೆ. ಈ ಸ್ಥಾನಗಳು ಯಾವುವೂ ಇಲ್ಲದ ಆಟೊಮ್ಯಾಟಿಕ್ ಕಾರನ್ನು ಕೊಡಗಿನಲ್ಲಿ ಕೊಳ್ಳಲೇಬಾರದು. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುತ್ತೇನೆ ಎನ್ನುವವರ ಕಾರಿನಲ್ಲಿ ನಾನಂತೂ ಕೂರುವುದಿಲ್ಲ.

ಎಂಜಿನ್ನಿನ ಗಾತ್ರವನ್ನೂ ಇದರೊಂದಿಗೆ ತೂಗಬೇಕು. ಟರ್ಬೊ ಇಲ್ಲದ ಎಂಜಿನ್ ಎತ್ತರ ಏರಿದಂತೆ ತೆಳುವಾಗುವ ಗಾಳಿಯಿಂದಾಗಿ ಪ್ರತಿ 100 ಮೀಟರಿಗೆ ಸುಮಾರು ಶೇ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಮೇಲಿರುವುದರಿಂದ ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಇಲ್ಲಿ ಹತ್ತರಲ್ಲಿ ಒಂದು ಪಾಲು ಸೊರಗಿರುತ್ತದೆ. ಒಂದು ಲೀಟರಿನ ಸಣ್ಣ ಎಂಜಿನ್ನಿನ ಕಾರಿನಲ್ಲಿ ಐದು ಜನ ಕುಳಿತು, ಡಿಕ್ಕಿಯಲ್ಲಿ ಗೊಬ್ಬರದ ಚೀಲವಿದ್ದರೆ, ಮ್ಯಾನುಯಲ್ ಗೇರಿನಲ್ಲಿ ಎಂಜಿನ್ನಿನ ವೇಗವನ್ನು ಮುಂಚೆಯೇ ಏರಿಸಿಕೊಂಡು ಹೇಗೋ ಹತ್ತಿಸಬಹುದು. ಎಎಂಟಿ ತಿರುವಿನ ನಡುವೆ ಗೇರ್ ಏರಿಸಿ, ಸೋತು, ಮತ್ತೆ ಇಳಿಸುತ್ತ ಕೂರುತ್ತದೆ.

ಮಳೆಗಾಲದ ಲೆಕ್ಕ ಬೇರೆಯೇ. ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಬ್ಯಾಟರಿ ಇಳಿದುಹೋದರೆ, ಅಲ್ಪಸ್ವಲ್ಪ ಜೀವ ಉಳಿದಿದ್ದ ಪಕ್ಷದಲ್ಲಿ ಮ್ಯಾನುಯಲ್ ಕಾರನ್ನು ತಳ್ಳಿಯೋ ಇಳಿಜಾರಿನಲ್ಲಿ ಬಿಟ್ಟೋ ಸ್ಟಾರ್ಟ್ ಮಾಡಬಹುದು. ಆಟೊಮ್ಯಾಟಿಕ್ಕನ್ನು ಹಾಗೆ ಮಾಡಲಾಗುವುದಿಲ್ಲ, ಅದಕ್ಕೆ ಜಂಪರ್ ಕೇಬಲ್ಲೇ ಗತಿ. ಆ ಕೇಬಲನ್ನು ಕಾರಿನ ಜೊತೆಯಲ್ಲೇ ಕೊಂಡಿಡುವುದು ಒಳ್ಳೆಯದು. ಕೆಟ್ಟು ನಿಂತ ಆಟೊಮ್ಯಾಟಿಕ್ಕನ್ನು ಹಗ್ಗ ಕಟ್ಟಿ ಎಳೆಸಿದರೆ ಗೇರ್‌ಬಾಕ್ಸ್ ಹಾಳಾಗುವ ಅಪಾಯವಿದೆ. ಎಂಜಿನ್ ಬಲ ಹೋಗುವ ಚಕ್ರಗಳು ನೆಲದಿಂದ ಮೇಲಿರಬೇಕು ಅಥವಾ ಇಡೀ ಕಾರನ್ನು ಟ್ರಕ್ಕಿನ ಮೇಲೆ ಹೇರಬೇಕು. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಜೋಡುಪಾಲ, ಮದೆನಾಡು ಭಾಗದಲ್ಲಿ ಹೆದ್ದಾರಿಯೇ ಮುಚ್ಚಿಹೋದದ್ದನ್ನು ಕಂಡ ಜಿಲ್ಲೆಯಲ್ಲಿ, ಟ್ರಕ್ ಯಾವಾಗ ಬಂದೀತು ಎಂಬುದು ಖಾಲಿ ಚಿಂತೆಯಲ್ಲ. ಕ್ಲಚ್ ಪ್ಲೇಟ್ ಬದಲಿಸುವ ಕೆಲಸ ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಆಗುತ್ತದೆ. ಡಿಸಿಟಿ ಬಿಚ್ಚುವ ಕೆಲಸಕ್ಕೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಒಯ್ಯಬೇಕಾಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ, ಮನೆಯಲ್ಲಿ ಯಾರು ಓಡಿಸುತ್ತಾರೆ ಎಂಬ ಪ್ರಶ್ನೆ ಕೆಲವೊಮ್ಮೆ ಉಳಿದೆಲ್ಲವನ್ನೂ ಮೀರುತ್ತದೆ. ಮಕ್ಕಳು ಹೊರಗಿದ್ದು, ತೋಟದ ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವ ಕುಟುಂಬಗಳು ನಮ್ಮಲ್ಲಿ ಬಹಳ. ಅಪ್ಪನಿಗೆ ರಾತ್ರಿ ಎದೆನೋವು ಬಂದರೆ ಮಡಿಕೇರಿಗೆ ಕಾರು ಓಡಿಸಬೇಕಾದವರು ಅಮ್ಮ. ಮಂಡಿನೋವಿರುವ ಅಮ್ಮನಿಗೆ ಕ್ಲಚ್ ತುಳಿಯುವುದು ಕಷ್ಟವಾದರೆ, ಅಲ್ಲಿಗೆ ಚರ್ಚೆ ಮುಗಿಯಿತು: ದುಡ್ಡು ಹೊಂದಿಸಿ ಟಾರ್ಕ್ ಕನ್ವರ್ಟರ್ ಕೊಳ್ಳಿ, ದುಡ್ಡು ಸಾಲದಿದ್ದರೆ ಒಂದು ಅಳತೆ ಚಿಕ್ಕ ಕಾರನ್ನು ನೋಡಿ. ಪರವಾನಗಿ ಬೇರೆ ಮಾಡಿಸಬೇಕಾಗಿಲ್ಲ. ಲಘು ಮೋಟಾರು ವಾಹನದ (ಎಲ್‌ಎಂವಿ) ಪರವಾನಗಿ ಎರಡಕ್ಕೂ ಸಲ್ಲುತ್ತದೆ.

ದುಡ್ಡಿನ ವಿಷಯದಲ್ಲಿ ಒಂದು ಬಲೆಯಿದೆ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ 5ರಿಂದ 10 ಲಕ್ಷದೊಳಗೆ ಶೇ 14 ಇದ್ದು, 10 ಲಕ್ಷ ದಾಟಿದರೆ ಶೇ 17 ಆಗುತ್ತದೆ, ಅದೂ ಇಡೀ ಬೆಲೆಯ ಮೇಲೆ. ಮ್ಯಾನುಯಲ್ 9.5 ಲಕ್ಷ, ಆಟೊಮ್ಯಾಟಿಕ್ 10.5 ಲಕ್ಷ ಎಂದಿಟ್ಟುಕೊಂಡರೆ ತೆರಿಗೆಯಲ್ಲೇ 45 ಸಾವಿರದಷ್ಟು ಹೆಚ್ಚಿ, ಒಂದು ಲಕ್ಷದ ಅಂತರ ಒಂದೂವರೆ ಲಕ್ಷಕ್ಕೆ ಹತ್ತಿರ ಬರುತ್ತದೆ. ಆದ್ದರಿಂದ ಆನ್‌ರೋಡ್ ಬೆಲೆಗಳನ್ನೇ ಪಕ್ಕಪಕ್ಕ ಇಟ್ಟು ನೋಡಬೇಕು.

ತೋಟದೊಳಗೆ ನಿತ್ಯ ಓಡಾಡುವವರಿಗೆ ಫೋರ್ ವೀಲ್ ಡ್ರೈವ್ ಮತ್ತು ಲೋ ರೇಂಜ್ (ವೇಗ ತಗ್ಗಿಸಿ ಚಕ್ರಗಳಿಗೆ ಹೆಚ್ಚು ಬಲ ಕೊಡುವ ಗೇರ್ ವ್ಯವಸ್ಥೆ) ಇದ್ದರೆ ಗೇರ್‌ಬಾಕ್ಸಿನ ಚಿಂತೆ ಅರ್ಧ ಕಡಿಮೆಯಾಗುತ್ತದೆ. ಥಾರ್ ಮತ್ತು 2023ರಲ್ಲಿ ಬಂದ ಜಿಮ್ನಿ ಎರಡೂ ಮ್ಯಾನುಯಲ್ಲಿನಲ್ಲೂ ಟಾರ್ಕ್ ಕನ್ವರ್ಟರಿನಲ್ಲೂ ಸಿಗುತ್ತವೆ. ಜೀಪಿನಲ್ಲಿ ಬೆಳೆದವರಿಗೆ ಒಪ್ಪುವುದು ಕಷ್ಟವಾದರೂ, ಜಾರುವ ಕೆಸರಿನಲ್ಲಿ ಲೋ ರೇಂಜಿನ ಆಟೊಮ್ಯಾಟಿಕ್ ಮ್ಯಾನುಯಲ್ಲಿಗಿಂತ ನಿಧಾನವಾಗಿ, ಎಳೆತ ತಪ್ಪದೆ ಹತ್ತುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಂತೂ ಗೇರಿನ ಪ್ರಶ್ನೆಯೇ ಇಲ್ಲ. ಘಾಟಿ ಇಳಿಯುವಾಗ ಮೋಟಾರೇ ಕಾರನ್ನು ಹಿಡಿದು ಬ್ಯಾಟರಿಗೆ ಚಾರ್ಜ್ ತುಂಬುತ್ತದೆ. ಮಡಿಕೇರಿಯಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಸಂಪಾಜೆಗೆ ಇಳಿದರೆ ಮಾತ್ರ ತುಂಬುವುದಕ್ಕೆ ಜಾಗವಿಲ್ಲದೆ ಆ ಹಿಡಿತ ಮೊದಲಿಗೆ ಕಡಿಮೆ ಇರುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಕಡೆ ಇದನ್ನು ಎರಡನೇ ಕಾರಾಗಿ ಇಟ್ಟುಕೊಳ್ಳಬಹುದು.

ಟೆಸ್ಟ್ ಡ್ರೈವ್ ಎಂದರೆ ಶೋರೂಮಿನ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆಯುವುದಲ್ಲ. ಕಾರನ್ನು ಮನೆಗೆ ತರಿಸಿಕೊಳ್ಳಿ, ಒಲ್ಲೆನೆಂದರೆ ನಿಮ್ಮ ಏರಿನಷ್ಟೇ ಕಡಿದಾದ ಇನ್ನೊಂದನ್ನು ಹುಡುಕಿ. ಮನೆಯವರನ್ನೆಲ್ಲ ಕೂರಿಸಿ, ಎಸಿ ಹಾಕಿ, ಏರಿನ ನಡುವೆ ಪೂರ್ತಿ ನಿಲ್ಲಿಸಿ. ಬ್ರೇಕ್ ಬಿಟ್ಟು, ಹಿಂದೆ ಸರಿಯುವುದಕ್ಕೆ ಮುಂಚೆ ಎಷ್ಟು ಸೆಕೆಂಡು ನಿಲ್ಲುತ್ತದೆ ಎಂದು ಮನಸ್ಸಿನಲ್ಲೇ ಎಣಿಸಿ. ಮತ್ತೆ ಹೊರಟಾಗ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆಯೇ ನೋಡಿ. ಆಮೇಲೆ ಅದೇ ಏರನ್ನು ರಿವರ್ಸಿನಲ್ಲಿ ಹತ್ತಿಸಿ. ಎಎಂಟಿಯ ನಿಜವಾದ ಗುಣ ಹೊರಬೀಳುವುದು ಇಲ್ಲೇ. ಕೊನೆಗೆ ಇಳಿಜಾರಿನಲ್ಲಿ ಎಂ ಅಥವಾ ಎಲ್ ಸ್ಥಾನಕ್ಕೆ ಎಳೆದು, ಬ್ರೇಕ್ ಮುಟ್ಟದೆ ವೇಗ ಹಿಡಿತದಲ್ಲಿ ಉಳಿಯುತ್ತದೆಯೇ ಪರೀಕ್ಷಿಸಿ. ಕಾರನ್ನು ಮುಂದೆ ಓಡಿಸುವವರು ಯಾರೋ ಅವರೇ ಇದನ್ನೆಲ್ಲ ಮಾಡಬೇಕು, ಶೋರೂಮಿನ ಹುಡುಗ ಮಾಡಿ ತೋರಿಸಿದರೆ ಸಾಲದು.

ನಿಲ್ಲಿಸುವ ಕ್ರಮವನ್ನೂ ಆಗಲೇ ಕೇಳಿ ತಿಳಿಯಿರಿ. ಟಾರ್ಕ್ ಕನ್ವರ್ಟರ್, ಸಿವಿಟಿ ಕಾರುಗಳಲ್ಲಿ ಇಳಿಜಾರಿನಲ್ಲಿ ಮೊದಲು ಹ್ಯಾಂಡ್‌ಬ್ರೇಕ್ ಎಳೆದು ಆಮೇಲೆ ಲಿವರನ್ನು ಪಿ, ಅಂದರೆ ಪಾರ್ಕಿಂಗ್, ಸ್ಥಾನಕ್ಕೆ ಹಾಕಬೇಕು; ಇಲ್ಲವಾದರೆ ಕಾರಿನ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಹೆಚ್ಚಿನ ಎಎಂಟಿ ಕಾರುಗಳಲ್ಲಿ ಪಿ ಸ್ಥಾನವೇ ಇಲ್ಲ, ಗೇರಿನಲ್ಲಿಟ್ಟೇ ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಎಳೆಯಬೇಕು. ಬುಕಿಂಗ್ ಮಾಡುವಾಗ ಫಾರ್ಮಿನಲ್ಲಿ ಬರೀ ಆಟೊಮ್ಯಾಟಿಕ್ ಎಂದು ಬರೆದಿದ್ದರೆ ಸಹಿ ಹಾಕಬೇಡಿ. ವೇರಿಯೆಂಟಿನ ಪೂರ್ಣ ಹೆಸರು, ಗೇರ್‌ಬಾಕ್ಸಿನ ಬಗೆ, ಹಿಲ್ ಹೋಲ್ಡ್ ಇದೆ ಎಂಬ ಮಾತು ಮೂರನ್ನೂ ಬರೆಸಿಕೊಂಡು ಮುಂಗಡ ಕೊಡಿ.