ಕೆರೆಯ ಲೆಕ್ಕ ಬರೆಯಬೇಕಾದರೆ ಬೆಳಗಿನ ಜಾವ ಏಳಬೇಕು

"ನಾವು ಚಿಕ್ಕವರಿದ್ದಾಗ ಈ ಕೆರೆ ನೀರು ಹಂಗೇ ಕುಡೀತಿದ್ವಿ." ಊರಿನ ಯಾವ ಹಿರಿಯರನ್ನು ಮಾತಾಡಿಸಿದರೂ ಇದೇ ಮಾತು. ಸರಿ, ಯಾವ ವರ್ಷ ಕೆಟ್ಟಿತು, ಮೊದಲು ಯಾವ ಮೀನು ಹೋಯಿತು, ಯಾವ ಹಕ್ಕಿ ಬರೋದು ನಿಂತಿತು ಅಂತ ಕೇಳಿ ನೋಡಿ. ಬರೆದಿಟ್ಟವರು ಯಾರೂ ಇಲ್ಲ. ಆ ಲೆಕ್ಕ ಬರೆಯೋಕೆ ಪಿಎಚ್‌ಡಿ ಬೇಕಾಗಿಲ್ಲ. ಒಂದು ನೋಟ್‌ಬುಕ್, ಒಂದಿಷ್ಟು ಸಾಮಾನು, ತಿಂಗಳಿಗೆ ಒಂದು ದಿನ ಸಾಕು. ನಮ್ಮೂರ ಕೆರೆಯಲ್ಲಿ ನಾನು ಮಾಡುವ ಕ್ರಮ ಇದು. ನಾನು ಮಾಡಿದ ತಪ್ಪುಗಳನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲು ಜಾಗ. ಮೂರು ಕಡೆ ಗುರುತು ಮಾಡಿಕೊಳ್ಳಿ. ನೀರು ಬರುವ ಕಾಲುವೆಯ ಬಾಯಿ, ತೂಬು, ಕೋಡಿ. ಪ್ರತಿ ತಿಂಗಳೂ ಅದೇ ಮೂರು ಜಾಗ, ಅದೇ ಹೊತ್ತು. ಈ ತಿಂಗಳು ಕೋಡಿ ಹತ್ತಿರ ಬೆಳಿಗ್ಗೆ, ಮುಂದಿನ ತಿಂಗಳು ತೂಬಿನ ಹತ್ತಿರ ಸಂಜೆ ಅಂತ ಅಳೆದರೆ ಎರಡನ್ನೂ ಹೋಲಿಸೋಕೆ ಆಗುವುದಿಲ್ಲ, ಸುಮ್ನೆ ಕಾಲು ಕೆಸರು ಮಾಡಿಕೊಂಡಿದ್ದಷ್ಟೇ ಬಂತು.

ನೀರು ಎಷ್ಟು ತಿಳಿಯಾಗಿದೆ ಅನ್ನೋದಕ್ಕೆ ಒಂದು ತಟ್ಟೆ ಸಾಕು. ಆಂಜೆಲೊ ಸೆಕಿ ಅನ್ನುವ ಇಟಲಿಯ ಪಾದ್ರಿ 1865ರಲ್ಲಿ ಪೋಪ್ ಅವರ ಹಡಗಿನಿಂದ ಬಿಳಿ ತಟ್ಟೆ ಇಳಿಸಿ ಸಮುದ್ರದ ತಿಳಿ ನೋಡಿದ್ದರು. ಇವತ್ತಿಗೂ ಅದಕ್ಕೆ ಸೆಕಿ ತಟ್ಟೆ ಅಂತಲೇ ಹೆಸರು. 20 ಸೆಂ.ಮೀ. ಅಗಲದ ಹಳೆ ಸ್ಟೀಲ್ ತಟ್ಟೆ ತಗೊಳ್ಳಿ, ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ, ಕಪ್ಪು, ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಮಾಡಿ ಹಗ್ಗ ಪೋಣಿಸಿ, ಅಡಿಗೆ ಭಾರ ಕಟ್ಟಿ. ಹಗ್ಗಕ್ಕೆ 10 ಸೆಂ.ಮೀ.ಗೆ ಒಂದರಂತೆ ಗುರುತು ಹಾಕಿ. ತಟ್ಟೆ ಮರೆಯಾದ ಆಳ ಬರೆದುಕೊಳ್ಳಿ, ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಬರೆಯಿರಿ, ಎರಡರ ಸರಾಸರಿಯೇ ನಿಮ್ಮ ಅಂಕಿ. ಇದನ್ನು ಬಿಸಿಲು ಏರಿದ ಮೇಲೆ, ನೆರಳಿನ ಕಡೆಯಿಂದ, ತಂಪು ಕನ್ನಡಕ ತೆಗೆದು ನೋಡಬೇಕು. ಏರಿ ಮೇಲೆ ನಿಂತು ಎಸೆದರೆ ಹಗ್ಗ ಓರೆಯಾಗಿ ಆಳ ಜಾಸ್ತಿ ಬರುತ್ತದೆ, ತೂಬಿನ ಕಟ್ಟೆಯಿಂದ ನೇರ ಇಳಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀರಿನಲ್ಲಿ ಕರಗಿರುವ ಆಮ್ಲಜನಕ.

ಶುರುವಿನಲ್ಲಿ ನಾನು ಮಧ್ಯಾಹ್ನ ಹೋಗಿ ಅಳೆಯುತ್ತಿದ್ದೆ. ಒಂದು ಬೇಸಿಗೆಯಲ್ಲಿ ಲೀಟರಿಗೆ 11 ಮಿಲಿಗ್ರಾಂ ಬಂತು. ಖುಷಿಯೋ ಖುಷಿ, ಕೆರೆ ಭಾರಿ ಚೆನ್ನಾಗಿದೆ ಅಂತ ಬರೆದುಕೊಂಡು ಬಂದೆ. ಎರಡೇ ದಿನಕ್ಕೆ ಬೆಳಿಗ್ಗೆ ಮೀನುಗಾರರ ಫೋನ್, ಕಾಟ್ಲಾ ಹೊಟ್ಟೆ ಮೇಲೆ ಮಾಡಿಕೊಂಡು ದಡಕ್ಕೆ ಬಂದು ಬಿದ್ದಿದ್ದವು. ಆಮೇಲೆ ಅರ್ಥವಾಯಿತು, ಆ 11 ಅನ್ನೋದೇ ರೋಗದ ಲಕ್ಷಣ. 30 ಡಿಗ್ರಿ ಬಿಸಿ ಇರುವ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳೋದು ಹೆಚ್ಚೆಂದರೆ 7.5 ಮಿಲಿಗ್ರಾಂ, ನಮ್ಮ ಬಯಲುಸೀಮೆಯ ಎತ್ತರದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದಕ್ಕಿಂತ ಜಾಸ್ತಿ ಬಂತು ಅಂದರೆ ಬಿಸಿಲಲ್ಲಿ ಪಾಚಿ ಬಿಡುತ್ತಿರುವ ಆಮ್ಲಜನಕ ಅದು. ಹಗಲು ಕೊಡುವ ಅದೇ ಪಾಚಿ ರಾತ್ರಿಯಿಡೀ ತಾನೂ ಉಸಿರಾಡುತ್ತದೆ, ತಳದ ಹೂಳೂ ಎಳೆದುಕೊಳ್ಳುತ್ತದೆ, ಸೂರ್ಯ ಹುಟ್ಟುವ ಹೊತ್ತಿಗೆ ಮೀನಿಗೆ ಉಳಿಯೋದು ಏನೂ ಇಲ್ಲ. ಮೋಡ ಕವಿದ ದಿನದ ಮರುದಿನ, ಬೇಸಿಗೆಯ ಮೊದಲ ಜೋರು ಮಳೆ ಚರಂಡಿಯ ಕೊಳಚೆಯನ್ನೆಲ್ಲ ಕೆರೆಗೆ ತಂದು ಹೂಳು ಕಲಕಿದ ಮರುದಿನ, ಇನ್ನೂ ಕಷ್ಟ. ಹಾಗಾಗಿ ಐದೂವರೆಗೆ ಕೆರೆ ಹತ್ತಿರ ಇರಿ. ಬೆಳಗಿನ ಅಂಕಿ ಒಂದು, ಮಧ್ಯಾಹ್ನ ಮೂರರ ಅಂಕಿ ಒಂದು. ಎರಡರ ನಡುವಿನ ಅಂತರ ದೊಡ್ಡದಾದಷ್ಟೂ ಕೆರೆಗೆ ಗೊಬ್ಬರ, ಕೊಳಚೆ ಜಾಸ್ತಿ ಬಿದ್ದಿದೆ ಅಂತ ಲೆಕ್ಕ. ಮೀನು, ಕಾಡುಜೀವಿಗಳಿಗೆ ಆಗುವಂಥ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಕನಿಷ್ಠ ಮಟ್ಟ 4 ಮಿಲಿಗ್ರಾಂ. ಬೆಳಗಿನ ನಿಮ್ಮ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡಿ.

ಅಳೆಯೋದಕ್ಕೆ ಹನಿ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ. ನಿಖರ ಬೇಕಾದರೆ ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರನ್ನು ಹಿಡಿಯಿರಿ. ಅವರು ವಿಂಕ್ಲರ್ ವಿಧಾನ ಮಾಡಿಕೊಡುತ್ತಾರೆ, 1888ರದ್ದು, ಇನ್ನೂ ನಂಬಿಕಸ್ಥ. ಅದರಲ್ಲಿ ಕೊನೆಗೆ ಗಟ್ಟಿ ಆಸಿಡ್ ಹಾಕಬೇಕು, ಮನೆಯಲ್ಲಿ ಮಾಡೋಕೆ ಹೋಗಬೇಡಿ. ನಿಮ್ಮ ಕೆಲಸ ನೀರು ತುಂಬುವುದು. ಬಾಟಲಿಯನ್ನು ಓರೆಯಾಗಿ ಮುಳುಗಿಸಿ, ಗುಳುಗುಳು ಅನ್ನದ ಹಾಗೆ ನಿಧಾನ ತುಂಬಿಸಿ, ನೀರೊಳಗೇ ಮುಚ್ಚಳ ಹಾಕಿ. ಒಂದು ಗುಳ್ಳೆ ಉಳಿದರೂ ಬಾಟಲಿ ಚೆಲ್ಲಿ ಮತ್ತೆ ತುಂಬಿ. ವಿಂಕ್ಲರ್ ವಿಧಾನದ ಮೊದಲ ಎರಡು ದ್ರಾವಣಗಳನ್ನು ದಡದಲ್ಲೇ ಹಾಕಬೇಕು. ಹಾಕಿ ಅಲುಗಾಡಿಸಿದಾಗ ಕಂದು ಬಣ್ಣದ ಮೋಡ ಎದ್ದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿಯಿತು ಅಂದರೆ ಇಲ್ಲ. ಒಮ್ಮೆ ಕಾಲುವೆಯ ಬಾಯಲ್ಲಿ ಆ ಬಿಳಿ ಮೋಡ ನೋಡಿದ್ದೇನೆ, ಅಂಕಿಗೆ ಕಾಯುವುದೇ ಬೇಕಾಗಲಿಲ್ಲ.

ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ), ಅಮೋನಿಯಾಗಳಿಗೆ ಅಕ್ವೇರಿಯಂ ಅಂಗಡಿಯ ಕಿಟ್ ನಡೆಯುತ್ತದೆ. ಇವೆರಡನ್ನೂ ಜೊತೆಯಾಗಿಯೇ ನೋಡಿ, ಪಿಎಚ್ ಏರಿದಷ್ಟೂ ಅಮೋನಿಯಾ ಮೀನಿಗೆ ವಿಷವಾಗುತ್ತದೆ.

ಮೀನಿನ ವಿಷಯಕ್ಕೆ ಒಂದು ಮಾತು. ನೀವೇ ಬಲೆ ಹಾಕೋಕೆ ಹೋಗಬೇಡಿ. ಕೆರೆಯ ಮೀನು ಹರಾಜಲ್ಲಿ ಯಾರಿಗೋ ಸೇರಿರುತ್ತದೆ, ಸುಮ್ನೆ ಜಗಳ. ಬಲೆ ಎತ್ತುವ ದಿನ ಮೀನುಗಾರರ ಹತ್ತಿರ ಹೋಗಿ ಕೂತುಕೊಳ್ಳಿ, "ಅಣ್ಣಾ, ತೂಕ ಹಾಕೋವಾಗ ನಾನೂ ಬರ್ಕೊಳ್ಳಾ?" ಅಂತ ಕೇಳಿ. ನಮ್ಮಲ್ಲಿ ಯಾರೂ ಬೇಡ ಅಂದಿಲ್ಲ. ಎಷ್ಟು ಕೆ.ಜಿ. ಅನ್ನೋದನ್ನಷ್ಟೇ ಬರೆಯಬೇಡಿ. ಎಷ್ಟು ಬಲೆ, ಬಲೆಯ ಕಣ್ಣು ಎಷ್ಟು ದೊಡ್ಡದು, ಎಷ್ಟು ಗಂಟೆ ನೀರಲ್ಲಿತ್ತು, ಎಲ್ಲ ಬೇಕು. ಹೋದ ವರ್ಷ 10 ಬಲೆಗೆ 12 ಕೆ.ಜಿ., ಈ ವರ್ಷ 20 ಬಲೆಗೆ 15 ಕೆ.ಜಿ. ಅಂದರೆ ಮೀನು ಜಾಸ್ತಿಯಾದ ಹಾಗೆ ಕಾಣುತ್ತದೆ, ಅಲ್ವಾ? ಬಲೆಗೆ 1.2 ಕೆ.ಜಿ. ಇದ್ದದ್ದು 0.75ಕ್ಕೆ ಇಳಿದಿದೆ.

ಇಪ್ಪತ್ತು ಮೂವತ್ತು ಮೀನುಗಳ ಉದ್ದ, ತೂಕ ಬೇರೆ ಬೇರೆ ತಗೊಳ್ಳಿ. ಮೂತಿಯಿಂದ ಬಾಲದ ತುದಿವರೆಗೆ ಅಂತ ಶುರು ಮಾಡಿದರೆ ಕೊನೆವರೆಗೂ ಹಾಗೇ ಅಳೆಯಿರಿ. ಗ್ರಾಂ ತೂಕವನ್ನು 100ರಿಂದ ಗುಣಿಸಿ, ಅದನ್ನು ಸೆಂ.ಮೀ. ಉದ್ದದ ಘನದಿಂದ, ಅಂದರೆ ಉದ್ದ × ಉದ್ದ × ಉದ್ದ ಮಾಡಿ ಬಂದದ್ದರಿಂದ ಭಾಗಿಸಿ. 20 ಸೆಂ.ಮೀ. ಉದ್ದದ ಜಿಲೇಬಿ ಮೀನು (ತಿಲಾಪಿಯಾ) 160 ಗ್ರಾಂ ಇದ್ದರೆ 2 ಬರುತ್ತದೆ, 120 ಗ್ರಾಂ ಇದ್ದರೆ 1.5. ಅಷ್ಟೇ ಉದ್ದ, ಆದರೆ ಮೈ ಕಟ್ಟಿಲ್ಲ. ಒಂದೇ ಜಾತಿಯ ಮೀನಿನೊಳಗೆ ಮಾತ್ರ ಹೀಗೆ ಹೋಲಿಸಿ, ಹಾವಿನಂಥ ಕುಚ್ಚಿಗೂ ದುಂಡು ಕಾಟ್ಲಾಗೂ ಅಲ್ಲ.

ಜಿಲೇಬಿ ಅಂದೆನಲ್ಲ, ಅದು ನಮ್ಮ ಮೀನೇ ಅಲ್ಲ, ಆಫ್ರಿಕಾದ್ದು, ಭಾರತಕ್ಕೆ ತಂದದ್ದು 1952ರಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆ ಅಂಗಳದಲ್ಲಿ ಊಟದ ತಟ್ಟೆಯಷ್ಟಗಲದ ಗುಂಡಿಗಳು ಸಾಲಾಗಿ ಕಾಣುತ್ತವಲ್ಲ, ಗಂಡು ತೋಡಿದ ಗೂಡು ಅವು. ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಗುಂಡಿ ಎಣಿಸಿದರೂ ಒಂದು ಲೆಕ್ಕ ಸಿಗುತ್ತದೆ. ಬಲೆಯವರು ಪಕ್ಕಕ್ಕೆ ಎಸೆಯುವ ಬೆರಳುದ್ದದ ಮೀನುಗಳನ್ನು ಮಾತ್ರ ಬಿಡಬೇಡಿ. ಊರಿನ ಹಳೇ ಮೀನು ಉಳಿದಿದ್ದರೆ ಅಲ್ಲೇ ಇರೋದು. ಫೋಟೋ ತೆಗೆದು, ಮೀನುಗಾರರು ಕರೆಯುವ ಹೆಸರನ್ನೇ ಬರೆಯಿರಿ, ಪುಸ್ತಕದ ಹೆಸರು ಆಮೇಲೆ ಹುಡುಕಿದರಾಯಿತು.

ನಿಮ್ಮದು ಮಲೆನಾಡಿನ ಹಳ್ಳವಾದರೆ ಕಿಟ್ಟಿಗಿಂತ ಮೊದಲು ಕಲ್ಲು ಮಗುಚಿ ನೋಡಿ. ಮೂರು ಬಾಲದ ಚಪ್ಪಟೆ ಮರಿಹುಳ, ಮರಳು ಕಡ್ಡಿ ಅಂಟಿಸಿಕೊಂಡು ಕೊಳವೆಯೊಳಗೆ ಇರುವ ಹುಳ ಸಿಕ್ಕರೆ ನೀರು ಚೆನ್ನಾಗಿದೆ. ಬರೀ ಕೆಂಪು ದಾರದಂಥ ಹುಳ ಸಿಕ್ಕರೆ ಇಲ್ಲ. ಅದರ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಇದೆ, ಉಸಿರು ಕಟ್ಟುವ ನೀರಲ್ಲೂ ಬದುಕುತ್ತದೆ. ನೋಡಿದ ಮೇಲೆ ಕಲ್ಲು ಹೇಗಿತ್ತೋ ಹಾಗೇ ಇಟ್ಟುಬಿಡಿ.

ಹಕ್ಕಿಗಳನ್ನು ಜನವರಿಯಲ್ಲಿ ಎಣಿಸಿ. 1987ರಿಂದ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿ ಗಣತಿಯೂ ಆಗಲೇ, ನಿಮ್ಮ ಅಂಕಿ ಅದಕ್ಕೂ ಸೇರಬಹುದು. ನಾಮದ ಕೋಳಿ ಗುಂಪಾಗಿದ್ದರೆ ಹತ್ತು ಎಣಿಸಿ, ಆ ಹತ್ತು ಎಷ್ಟಗಲ ಕಾಣುತ್ತದೋ ಅದನ್ನೇ ಅಳತೆ ಮಾಡಿಕೊಂಡು ಮುಂದೆ ಸಾಗಿ. ತುಂಗಭದ್ರೆಯಂಥ ಹೊಳೆಯ ದಡದವರಾದರೆ ಬಂಡೆಗಳ ಮೇಲೆ ಕಣ್ಣಿಡಿ. ಅಲ್ಲಿ 2015ರಲ್ಲಿ ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶ ಘೋಷಿಸಿದ್ದಾರೆ. ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಕಂಡರೆ ಫೋಟೋ, ಜಾಗ, ದಿನಾಂಕ ಸಾಕು, ಗುಹೆ ಹುಡುಕಿಕೊಂಡು ಹೋಗಬೇಡಿ. ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಒಬ್ಬರೇ ನೀರಿಗಿಳಿಯಬೇಡಿ, ಹೂಳು ಕಾಲು ಹಿಡಿದರೆ ಈಜು ಬಂದರೂ ಪ್ರಯೋಜನವಿಲ್ಲ. ಕಾಲಲ್ಲಿ ಗಾಯವಿದ್ದರೆ ಆ ದಿನ ದಡದಲ್ಲೇ ಇರಿ, ಇಲಿ ಜ್ವರ ಬರೋದು ಹೀಗೇ.

ಕೊನೆಗೆ ನೋಟ್‌ಬುಕ್. ಪೆನ್ಸಿಲಲ್ಲಿ ಬರೆಯಿರಿ, ನೆನೆದರೂ ಅಳಿಸುವುದಿಲ್ಲ. ಹುಡುಕಿಯೂ ಕಾಣದಿದ್ದರೆ 0 ಹಾಕಿ, ನೋಡೋಕೇ ಆಗದಿದ್ದರೆ ಗೀಟು ಎಳೆಯಿರಿ. ನಾನು ಮೊದಲ ವರ್ಷ ಎರಡಕ್ಕೂ ಖಾಲಿ ಬಿಟ್ಟಿದ್ದೆ. ಆ ವರ್ಷ ಕೆರೆಯಲ್ಲಿ ಗಿರ್ಲು ಮೀನು ಇತ್ತೋ ಇಲ್ಲವೋ, ಈಗ ನನಗೇ ಗೊತ್ತಿಲ್ಲ.