ಮೆಕ್ಕೆಜೋಳದ ರಾಶಿಯೊಳಗಿನ ಗಾಳಿ: ನಾನು ಲೆಕ್ಕ ಹಾಕುವ ಬಗೆ

ದಾವಣಗೆರೆಯ ಡಿಸೆಂಬರ್ ಚಳಿಗೆ ಗೋದಾಮಿನ ಗೋಡೆ ತಣ್ಣಗಾದಾಗ, ಮೆಕ್ಕೆಜೋಳದ ರಾಶಿಯೊಳಗಿನ ಗಾಳಿ ಗೋಡೆಗುಂಟ ಇಳಿದು, ನಡುವಿನ ಬೆಚ್ಚನೆಯ ಕಾಳಿನ ಸಂದಿಗಳಲ್ಲಿ ಏರುತ್ತದೆ. ಹೊತ್ತು ತಂದ ತೇವವನ್ನು ನೆತ್ತಿಯಲ್ಲಿ ಬಿಡುತ್ತದೆ. ಬೂಷ್ಟು ಹಿಡಿಯುವುದೂ ಅಲ್ಲೇ. ಈ ಹರಿವನ್ನು ಡಾರ್ಸಿ ನಿಯಮ (ಸಂದಿಗಳಲ್ಲಿ ಗಾಳಿ ಒತ್ತಡಕ್ಕೆ ತಕ್ಕಂತೆ ಹರಿಯುವ ಲೆಕ್ಕ), ಸ್ಟ್ರೀಮ್ ಫಂಕ್ಷನ್ (ಹರಿವಿನ ಗೆರೆಗಳನ್ನು ಗುರುತಿಸುವ ಸಂಖ್ಯೆ), ಶಾಖದ ಸಮೀಕರಣ ಹಿಡಿದು ಪೈಥಾನ್‌ನಲ್ಲಿ ಬಿಡಿಸುತ್ತೇನೆ.

ಮೊದಲು ರೇಲೀ ಸಂಖ್ಯೆ: ಬೆಚ್ಚನೆಯ ಗಾಳಿಯನ್ನು ಮೇಲೆತ್ತುವ ಬಲ, ಅದನ್ನು ತಡೆಯುವ ಘರ್ಷಣೆ ಮತ್ತು ಶಾಖ ಹರಡುವಿಕೆಗಿಂತ ಎಷ್ಟು ದೊಡ್ಡದು ಎಂಬ ಅಳತೆ. ಕಾಳಿನ ವ್ಯಾಸ 8 ಮಿ.ಮೀ., ಸಂದಿಯ ಪಾಲು 0.4 ಎಂದಿಟ್ಟು ಕೊಜೆನಿ–ಕಾರ್ಮನ್ ಸೂತ್ರಕ್ಕೆ ಹಾಕಿದರೆ (ಸ್ಥಿರಾಂಕ 180) ಪಾರಗಮ್ಯತೆ (ರಾಶಿ ಗಾಳಿಗೆ ಎಷ್ಟು ದಾರಿ ಬಿಡುತ್ತದೆ ಎಂಬ ಅಳತೆ) ಸುಮಾರು 6×10⁻⁸ ಚದರ ಮೀಟರ್. ನುಚ್ಚು, ದೂಳು ಬೆರೆತ ಮಾಲಿಗೆ ಇನ್ನೂ ಕಡಿಮೆ. ವ್ಯಾಸ ವರ್ಗವಾಗಿ ಬರುತ್ತದಲ್ಲ. ಎತ್ತರ 3 ಮೀಟರ್, ತಾಪಮಾನದ ವ್ಯತ್ಯಾಸ 10 ಡಿಗ್ರಿ, ರಾಶಿಯ ಉಷ್ಣವಾಹಕತೆ 0.16 ವ್ಯಾಟ್/ಮೀಟರ್·ಕೆಲ್ವಿನ್ ಆದರೆ ರೇಲೀ ಸಂಖ್ಯೆ 27ರ ಆಸುಪಾಸು. ಹರಿವು ಶುರುವಾಗುವ ಮಿತಿ ಎನ್ನುವ 39.5ಕ್ಕಿಂತ ಕಡಿಮೆ, ಹಾಗಾಗಿ ಹರಿವೇ ಇಲ್ಲ ಅನ್ನಬೇಡಿ. ಹಾರ್ಟನ್, ರಾಜರ್ಸ್ (1945), ಲ್ಯಾಪ್‌ವುಡ್ (1948) ಕೊಟ್ಟ ಆ ಮಿತಿ ತಳದಿಂದ ಕಾಯುವ ಪದರಕ್ಕೆ. ಪಕ್ಕದ ಗೋಡೆ ತಣ್ಣಗಿದ್ದರೆ ಎಷ್ಟೇ ಚಿಕ್ಕ ಸಂಖ್ಯೆಗೂ ಗಾಳಿ ಅಲುಗುತ್ತದೆ.

ಹೆಚ್ಚಿನವರು ಜಾರುವುದು ಆ ಸಂಖ್ಯೆಯೊಳಗಿನ ಉಷ್ಣ ವಿಸರಣೆಯಲ್ಲಿ, ಅಂದರೆ ಶಾಖ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆಯಲ್ಲಿ. ರಾಶಿಯ ವಾಹಕತೆಯನ್ನು ಗಾಳಿಯ ಶಾಖಧಾರಣೆಯಿಂದ ಭಾಗಿಸಬೇಕು. ಕಾಳಿನದನ್ನು ಹಾಕಿದರೆ 27 ಹೋಗಿ 30 ಸಾವಿರ ದಾಟುತ್ತದೆ, ಪರದೆ ಮೇಲೆ ಚೆಂದದ ಚಿತ್ರವೂ ಬರುತ್ತದೆ. ಪೂರಾ ಸುಳ್ಳು. ಕಾಳಿನ ಶಾಖಧಾರಣೆಗೆ ಜಾಗ ಇರುವುದು ಸಮೀಕರಣದಲ್ಲಿ ತಾಪಮಾನ ಕಾಲಕ್ಕೆ ತಕ್ಕಂತೆ ಬದಲಾಗುವುದನ್ನು ಹೇಳುವ ಪದದಲ್ಲಿ ಮಾತ್ರ, ಅದೂ ಗಾಳಿಯದರ ಸುಮಾರು 1200 ಪಟ್ಟು. ಎತ್ತರದ ವರ್ಗವನ್ನು ಕಾಳಿನ ವಿಸರಣೆಯಿಂದ ಭಾಗಿಸಿ ನೋಡಿ: ಎರಡು ವರ್ಷಕ್ಕೂ ಮಿಕ್ಕುತ್ತದೆ. ರಾಶಿ ಸ್ಥಿರ ಸ್ಥಿತಿ ಮುಟ್ಟುವ ಮೊದಲೇ ಬೇಸಿಗೆ, ಮಳೆಗಾಲ ಬಂದು ಹೋಗಿರುತ್ತವೆ. ಆದ್ದರಿಂದ ಗೋಡೆಗೆ ದಿನದಿನದ ತಾಪಮಾನ ಕೊಟ್ಟು, ಕಾಲದೊಂದಿಗೇ ಓಡಿಸುತ್ತೇನೆ.

ಸ್ಥಿರ ಸ್ಥಿತಿ ಬೇಕಾಗುವುದು ಕೋಡ್ ಪರೀಕ್ಷೆಗೆ. ಒಂದು ಪಕ್ಕ ಬಿಸಿ, ಎದುರು ಪಕ್ಕ ತಣ್ಣಗೆ, ಮೇಲೆ ಕೆಳಗೆ ಶಾಖ ದಾಟದ ಚೌಕ ಪೆಟ್ಟಿಗೆ; ರೇಲೀ 100ಕ್ಕೆ ನಸೆಲ್ಟ್ ಸಂಖ್ಯೆ (ಹರಿವಿಲ್ಲದೆ ದಾಟುವ ಶಾಖದ ಎಷ್ಟು ಪಟ್ಟು ದಾಟುತ್ತದೆ ಎಂಬುದು) 3.1, 1000ಕ್ಕೆ 13.5ರ ಹತ್ತಿರ ಬರಬೇಕು. 1000ಕ್ಕೆ ಗಡಿಪದರದ, ಅಂದರೆ ಗೋಡೆ ಬದಿ ತಾಪಮಾನ ಥಟ್ಟನೆ ಬದಲಾಗುವ ತೆಳು ಪದರದ ದಪ್ಪ ಪೆಟ್ಟಿಗೆಯ 3 ಶೇಕಡಾ ಅಷ್ಟೇ. 41×41ರ ಸಮ ಜಾಲರಿಯಲ್ಲಿ ಗೋಡೆ ಬಿಟ್ಟರೆ ಅದರೊಳಗೆ ಒಂದೇ ಬಿಂದು ಬೀಳುತ್ತದೆ, ಹಾಗಾಗಿ ಗೋಡೆ ಬದಿ ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಕು. ಮಾಮೂಲಿ ದ್ರವದ ಕೋಡ್ ತಿದ್ದಿ ಬಳಸುವವರು ಗೋಡೆಯಲ್ಲಿ ವೇಗ ಸೊನ್ನೆ ಎಂಬ ಷರತ್ತನ್ನು ಕಿತ್ತುಹಾಕಿ. ಡಾರ್ಸಿಯಲ್ಲಿ ಗಾಳಿ ಗೋಡೆಗುಂಟ ಜಾರುತ್ತದೆ. ಸ್ಟ್ರೀಮ್ ಫಂಕ್ಷನ್ ಸೊನ್ನೆ ಇಟ್ಟರೆ ಸಾಕು. ಅಪ್‌ವಿಂಡ್ ವಿಧಾನ (ಗಾಳಿ ಬರುವ ಕಡೆಯ ಬಿಂದುವಿನ ಬೆಲೆ ತೆಗೆದುಕೊಳ್ಳುವುದು) ಲೆಕ್ಕವನ್ನು ಸಿಡಿಯದಂತೆ ಹಿಡಿದರೂ ಇಲ್ಲದ ವಿಸರಣೆಯನ್ನು ತುರುಕುತ್ತದೆ. ಕೊನೆಗೆ ಬಿಸಿ, ತಣ್ಣನೆಯ ಎರಡೂ ಗೋಡೆಗಳ ನಸೆಲ್ಟ್ ತಾಳೆ ನೋಡುತ್ತೇನೆ; 0.1 ಶೇಕಡಾ ಮೀರಿ ಬೇರೆಯಾದರೆ ಪುನರಾವರ್ತನೆ ಇನ್ನೂ ಮುಗಿದಿಲ್ಲ, ಇಲ್ಲವೇ ಜಾಲರಿ ಸಾಲದು.