ಕೈಪಿಡಿ ಫೈಲುಗಳನ್ನು ನಾನು ಜೋಪಾನ ಮಾಡುವ ಬಗೆ

ಕಾಫಿ ತೋಟದ ಯಂತ್ರಗಳಿಗೆ ಕನ್ನಡದಲ್ಲಿ ಕೈಪಿಡಿ ಬರೆದುಕೊಡುವುದು ನನ್ನ ಕೆಲಸ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಸ್ಪ್ರೇಯರ್, ಕಳೆ ಕೊಚ್ಚುವ ಮೆಷಿನ್, ಹೀಗೆ. ಮಡಿಕೇರಿಯ ಮನೆಯಲ್ಲೇ ಕೂತು ಬರೆಯುತ್ತೇನೆ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ತೋಟದವರ ಕೈಯಲ್ಲಿ ಹಳೆಯ ಪ್ರತಿ ಉಳಿಯಬಾರದು ಅನ್ನುವುದು. ಪಲ್ಪರಿನ ಸಂದು ಬಿಗಿಯಾದರೆ ಬೀಜ ಕತ್ತರಿಸಿಹೋಗುತ್ತದೆ, ಸಡಿಲವಾದರೆ ಹಣ್ಣು ಸುಲಿಯದೆ ಹಾಗೇ ಹೊರಬರುತ್ತದೆ. ಅಳತೆ ಬದಲಾದ ಮೇಲೂ ಹಳೆಯ ಪುಟ ನೋಡಿಕೊಂಡು ತಿರುಪು ತಿರುಗಿಸಿದರೆ ನಷ್ಟ ಅವರದ್ದೇ ಅಲ್ವಾ? ಅದಕ್ಕೇ ಫೈಲಿನ ಹೆಸರಲ್ಲಿ ‘ಫೈನಲ್’ ಅನ್ನುವ ಪದ ನಾನು ಬಳಸುವುದೇ ಇಲ್ಲ. ಯಂತ್ರದ ಹೆಸರು, ಆಮೇಲೆ ತಾರೀಕು, ಆಮೇಲೆ ಆವೃತ್ತಿಯ ನಂಬರು. ತಾರೀಕಿನಲ್ಲಿ ವರ್ಷ ಮೊದಲು: 2025-11-03. ಹೀಗಿದ್ದರೆ ಫೈಲುಗಳು ತಾವಾಗಿಯೇ ಕಾಲದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಅದೇ ನಂಬರು ಅಚ್ಚಾದ ಕೈಪಿಡಿಯ ಪ್ರತಿ ಪುಟದ ಕೆಳಗೂ ಇರುತ್ತದೆ. ಪೊಲ್ಲಿಬೆಟ್ಟದಿಂದ ಯಾರಾದರೂ ಫೋನ್ ಮಾಡಿ, “ಸಾರ್, ಇಲ್ಲಿ ಬೇರೆ ಥರ ಬರೆದಿದೆಯಲ್ಲಾ” ಅಂದರೆ, “ಪುಟದ ಕೆಳಗೆ ಎಷ್ಟು ನಂಬರಿದೆ ನೋಡಿ” ಅಂತ ಮೊದಲು ಕೇಳುತ್ತೇನೆ.

ಒಂದು ಕೈಪಿಡಿಗೆ ಒಂದೇ ಫೋಲ್ಡರ್. ಬರಹ, ಫಾಂಟ್, ಅಚ್ಚಿಗೆ ಕೊಟ್ಟ ಪಿಡಿಎಫ್, ಚಿತ್ರ ಎಲ್ಲ ಅದರೊಳಗೇ. ಬಾಣದ ಗುರುತು ಹಾಕಿದ ಫೋಟೋ ಜೊತೆಗೆ ಗುರುತಿಲ್ಲದ ಮೂಲ ಫೋಟೋ ಕೂಡ ಇಟ್ಟಿರುತ್ತೇನೆ. ಇಲ್ಲದಿದ್ದರೆ ಬಾಣ ಸ್ವಲ್ಪ ಸರಿಸಬೇಕಾದರೂ ಮತ್ತೆ ಕ್ಯಾಮೆರಾ ಹಿಡಿದು ತೋಟಕ್ಕೆ ಹೋಗಬೇಕು.

‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿದ್ದ ಕೈಪಿಡಿಗಳದ್ದು ಬೇರೆಯೇ ಕೆಲಸ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅವನ್ನೆಲ್ಲ ಯುನಿಕೋಡ್‌ಗೆ ಬದಲಾಯಿಸಿದ್ದೇನೆ. ಬದಲಾಯಿಸಿದ ಮೇಲೆ ಕಣ್ಣಿಟ್ಟು ಓದಲೇಬೇಕು. ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ಅಂಕಿಗಳನ್ನಂತೂ ಹಳೆಯ ಅಚ್ಚುಪ್ರತಿ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡುತ್ತೇನೆ. ಮೂಲ ಫೈಲನ್ನೂ ಅಳಿಸುವುದಿಲ್ಲ.

ಇನ್ನು ಬ್ಯಾಕಪ್. 3-2-1 ಅನ್ನುವ ನಿಯಮ ಎಲ್ಲರಿಗೂ ಗೊತ್ತು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕೊಡಗಿನಲ್ಲಿ ಆ ಕೊನೆಯ ಮಾತೇ ಮುಖ್ಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗೆ ಮನೆಯೇ ಕೊಚ್ಚಿಹೋದದ್ದನ್ನು ನೋಡಿದವರು ನಾವು. ಎರಡು ಪ್ರತಿ ಒಂದೇ ಬೀರುವಿನಲ್ಲಿದ್ದರೆ ಏನು ಪ್ರಯೋಜನ? ನನ್ನ ಒಂದು ಹಾರ್ಡ್ ಡಿಸ್ಕ್ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ಹೊಸದನ್ನು ಕೊಟ್ಟು ಹಳೆಯದನ್ನು ತರುತ್ತೇನೆ. ಕ್ಲೌಡ್‌ನಲ್ಲೂ ಪ್ರತಿ ಇದೆ. ಆದರೆ ಸಿಂಕ್ ಒಂದನ್ನೇ ನಂಬುವುದಿಲ್ಲ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಸಿಹೋಗುತ್ತದೆ.

ಮನೆಯ ಡಿಸ್ಕನ್ನು ಕಾಪಿ ಮಾಡುವಾಗ ಮಾತ್ರ ಕಂಪ್ಯೂಟರಿಗೆ ಚುಚ್ಚುತ್ತೇನೆ, ಬೇರೆ ಹೊತ್ತಿನಲ್ಲಿ ಕಂಪ್ಯೂಟರಿಗೆ ವೈರಸ್ ಬಂದರೆ ಅದಕ್ಕೆ ತಗಲುವುದಿಲ್ಲ. ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೋಡೆಯೇ ಬೆವರುತ್ತದೆ, ಡಿಸ್ಕ್ ಯಾವ ಲೆಕ್ಕ? ನೀಲಿ ಹರಳು ತಿಳಿಗೆಂಪಾದರೆ ಬದಲಾಯಿಸುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ ಕೇಬಲ್ ಕೂಡ. ಯುಪಿಎಸ್ ಇದೆ ಅಂತ ಸುಮ್ನೆ ಕೂರಬೇಡಿ, ಹತ್ತಿರದ ಸಿಡಿಲನ್ನು ಅದು ತಡೆಯುವುದಿಲ್ಲ.

ಮಳೆಗಾಲಕ್ಕೆ ಮುಂಚೆ ತಂಗಿಯ ಮಗನ ಲ್ಯಾಪ್‌ಟಾಪ್‌ನಲ್ಲಿ ಎಲ್ಲವನ್ನೂ ತೆರೆದು ನೋಡುತ್ತೇನೆ. ಅದರಲ್ಲಿ ನನ್ನ ಫಾಂಟುಗಳಿಲ್ಲ, ಪರೀಕ್ಷೆಗೆ ಅದೇ ಸರಿ. ಬಹುಕಾಲ ಕಾಪಿಡಲೆಂದೇ ಇರುವ ಪಿಡಿಎಫ್/ಎ ಮಾದರಿಯಲ್ಲಿ ಉಳಿಸಿದರೆ ಫಾಂಟ್ ಫೈಲಿನೊಳಗೇ ಸೇರಿರುತ್ತದೆ, ಹಾಗಾಗಿ ಅಕ್ಷರ ಒಡೆಯುವುದಿಲ್ಲ. ಬರಹದ ಫೈಲಿನಲ್ಲಿ ಚಿತ್ರದ ಜಾಗ ಖಾಲಿ ಕಂಡರೆ, ಕೊಂಡಿ ಯಾವ ಫೋಲ್ಡರಿಗೆ ಹೋಗಿದೆ ಅಂತ ಹುಡುಕಿ ಅಲ್ಲೇ ಸರಿಮಾಡುತ್ತೇನೆ.